ಎಡಗಡೆಯ ಕೆಳಮೂಲೆ

ಹ್ಯಾಂಡ್‌ಬಾಲ್‌ನಲ್ಲಿ ಗೋಲ್‌ಕೀಪರ್‌ಗೆ ಕೈಗವಸು ಇಲ್ಲ, ಮುಖಕ್ಕೆ ಜಾಲರಿಯೂ ಇಲ್ಲ. ಆರು ಮೀಟರ್ ದೂರದಿಂದ, ಕೆಲವು ಸಲ ಅದಕ್ಕಿಂತ ಹತ್ತಿರದಿಂದ, ಎದುರಾಳಿ ಹಾರಿ ಬೀಸಿದ ಚೆಂಡಿಗೆ ಬರಿಯ ಮೈ ಒಡ್ಡಿ ನಿಲ್ಲಬೇಕು. ಹಾಗಾಗಿ ಕೀಪರ್‌ಗೆ ಮೊದಲು ಕಲಿಸುವುದು ಚೆಂಡು ತಡೆಯುವುದನ್ನಲ್ಲ, ಕಣ್ಣು ಮುಚ್ಚದೆ ಇರುವುದನ್ನು. ನನಗೆ ಆಟ ಹೇಳಿಕೊಟ್ಟವರು ಹಾಗೆ ಹೇಳಿದ್ದರು. ನಾನು ನನ್ನ ತಂಗಿಗೆ ಹಾಗೆಯೇ ಕಲಿಸಿದೆ. ಅದರಲ್ಲಿ ಅವಳ ಎಡಗಣ್ಣು ಹೋಯಿತು. ಹೇಗೆ ಹೋಯಿತು ಎಂದು ಜನ ಕೇಳಿದಾಗ ನಾನು ಸುಳ್ಳು ಹೇಳಿದೆ. ಆ ಇಪ್ಪತ್ತೈದು ದಿನಗಳ ಕೆಲಸವನ್ನು ಮಾತ್ರ ಇಲ್ಲಿ ಬರೆಯುತ್ತೇನೆ. ಒಂಬತ್ತನೇ ಕ್ಲಾಸಿಗೆ ಶಾಲೆ ಬಿಟ್ಟವನು ನಾನು. ಬರವಣಿಗೆಯಲ್ಲಿ ತಪ್ಪಿದ್ದರೆ ಅದು ನನ್ನ ತಪ್ಪುಗಳಲ್ಲಿ ತೀರಾ ಚಿಕ್ಕದು.

ದೆಹಲಿಯ ಏಷ್ಯಾಡ್ ಮುಗಿದು ಎರಡು ವರ್ಷವಾಗಿತ್ತು. ನಾನು ರಾಜಾಜಿನಗರದ ಒಂದು ಕಾರ್ಖಾನೆಯ ತಂಡಕ್ಕೆ ಆಡುತ್ತಿದ್ದೆ. ಆಡುವುದಕ್ಕೆಂದೇ ನನ್ನನ್ನು ಕೆಲಸಕ್ಕೆ ತೆಗೆದುಕೊಂಡಿದ್ದರು. ನಾನು ಎಡಗೈಯವನು, ಬಲ ಮೂಲೆಯಿಂದ ಹೊಡೆಯಲು ಎಡಗೈಯವರು ಸಿಗುವುದು ಕಷ್ಟ. ಆ ಎಡ ಭುಜ ಒಂದು ಪಂದ್ಯದಲ್ಲಿ ಕೀಲು ತಪ್ಪಿ, ಮತ್ತೆ ಕೂರಿಸಿ, ಮತ್ತೆ ತಪ್ಪಿ, ಕೊನೆಗೆ ತಲೆಯ ಮಟ್ಟಕ್ಕಿಂತ ಮೇಲೆ ಏಳದಂತಾಯಿತು. ಕಾರ್ಖಾನೆಯವರು ಮೂರೇ ದಿನದಲ್ಲಿ ಟ್ರ್ಯಾಕ್ ಸೂಟ್ ವಾಪಸ್ ಕೇಳಿ, ತೊಳೆದು ತರಬೇಕೆಂದು ಹೇಳಿ, ನನ್ನನ್ನು ಪ್ರೆಸ್ ಶಾಪಿನಲ್ಲಿ ತಗಡು ಒತ್ತಲು ನಿಲ್ಲಿಸಿದರು. ಆ ಸಿಟ್ಟು ನನ್ನ ಹೊಟ್ಟೆಯಲ್ಲಿ ಕುಳಿತಿತ್ತು. ಅದನ್ನು ಹೊತ್ತುಕೊಂಡೇ ಕೋಚ್ ಆದೆ.

ಬಸವೇಶ್ವರನಗರದಲ್ಲಿ ಆಗ ಖಾಲಿ ಸೈಟುಗಳೇ ಹೆಚ್ಚು. ಒಂದು ಶಾಲೆಯ ಹಿಂದಿನ ಮೈದಾನದಲ್ಲಿ ಬೆಳಿಗ್ಗೆ ಐದೂವರೆಯಿಂದ ಏಳೂವರೆವರೆಗೆ ಹನ್ನೆರಡು ಹುಡುಗಿಯರ ತಂಡ ನಡೆಸುತ್ತಿದ್ದೆ. ಮರದ ಗೋಲುಕಂಬಗಳಿಗೆ ನಾವೇ ಕೆಂಪು ಬಿಳಿ ಪಟ್ಟೆ ಬಳಿದಿದ್ದೆವು. ಗೋಲಿನ ಮುಂದೆ ಎದುರಾಳಿ ಕಾಲೂರಬಾರದ ಆರು ಮೀಟರಿನ ಅರ್ಧವೃತ್ತವನ್ನು ಕಂಬಕ್ಕೆ ಹಗ್ಗ ಕಟ್ಟಿ, ಸುಣ್ಣದ ಪುಡಿ ಸುರಿದು ಎಳೆಯುತ್ತಿದ್ದೆವು. ಡಿಪ್ಲೊಮಾ ಮಾಡಿದ ಕೋಚುಗಳು ನನ್ನನ್ನು ಕೋಚ್ ಎನ್ನುತ್ತಿರಲಿಲ್ಲ. ಪಂದ್ಯಗಳಲ್ಲಿ, ಸರ್ಟಿಫಿಕೇಟ್ ಇಲ್ಲದವರು ಬೆಂಚಿನಲ್ಲಿ ಕೂರುವ ಹಾಗಿಲ್ಲ ಎಂದು ಎಬ್ಬಿಸಿ ಹಗ್ಗದ ಆಚೆ ಕಳಿಸುತ್ತಿದ್ದರು. ಡಿಪ್ಲೊಮಾಕ್ಕೆ ಸೇರಲು ಎಸ್.ಎಸ್.ಎಲ್.ಸಿ. ಬೇಕು. ನನ್ನ ಬಳಿ ಅದಿರಲಿಲ್ಲ. ತಂಗಿಯಿದ್ದಳು.

ಅವಳಿಗೆ ಹತ್ತೊಂಬತ್ತು. ಪಿ.ಯು.ಸಿ. ಪಾಸು ಮಾಡಿದ್ದಳು, ನಮ್ಮ ಮನೆಯಲ್ಲಿ ಅಷ್ಟು ಓದಿದವರು ಅವಳೊಬ್ಬಳೇ. ಕುರುಬರಹಳ್ಳಿಯಲ್ಲಿ ಒಂದೇ ಕೋಣೆಯ ಮನೆ. ಅಪ್ಪ ತೀರಿಕೊಂಡ ಮೇಲೆ ಅಮ್ಮ ಊದುಬತ್ತಿ ಹೊಸೆದು ನಮ್ಮನ್ನು ಸಾಕಿದ್ದಳು. ಒಂದು ಸರ್ಕಾರಿ ಕಚೇರಿಯಲ್ಲಿ ಆಟಗಾರ್ತಿಯರಿಗೆಂದು ಎರಡು ಕೆಲಸ ಇವೆ, ರಾಜ್ಯ ತಂಡಕ್ಕೆ ಆಡಿದವರಿಗೆ ಮಾತ್ರ ಎಂದು ಆ ವರ್ಷ ತಿಳಿಯಿತು. ತಂಡದ ಆಯ್ಕೆಗೆ ಇಪ್ಪತ್ತೈದು ದಿನವಿತ್ತು. ತಂಗಿ ಆಯ್ಕೆಯಾದರೆ ಅವಳಿಗೆ ಕುರ್ಚಿಯ ಮೇಲೆ ಕೂತು ಮಾಡುವ ಕೆಲಸ. ನನಗೆ, ಹಗ್ಗದ ಆಚೆ ನಿಲ್ಲಿಸಿದವರ ಮುಖ ನೋಡುವ ಅವಕಾಶ. ಎರಡನೆಯದಕ್ಕಾಗಿಯೇ ನಾನು ಹೆಚ್ಚು ದುಡಿದೆ ಎಂಬುದು ಈಗ ಗೊತ್ತಾಗುತ್ತದೆ.

ಮೈದಾನದಲ್ಲಿ ಅವಳು ನನ್ನನ್ನು ಅಣ್ಣ ಎನ್ನುವ ಹಾಗಿರಲಿಲ್ಲ. ಉಳಿದವರಂತೆ ಸಾರ್ ಎನ್ನಬೇಕು. ಅಲ್ಲಿ ನೋವು, ಸುಸ್ತು ಅನ್ನುವ ಮಾತು ಎತ್ತಬಾರದು. ಈ ನಿಯಮ ಮಾಡಿದಾಗ ನನಗೆ ನ್ಯಾಯವಂತ ಅನಿಸಿತ್ತು.

ಕಣ್ಣು ಮುಚ್ಚದಿರುವ ಅಭ್ಯಾಸ ಹೀಗೆ: ಕೀಪರ್ ಗೋಲುಗೆರೆಯ ಮೇಲೆ ಕೈ ಕೆಳಗೆ ಬಿಟ್ಟು ನಿಲ್ಲಬೇಕು. ನಾನು ಏಳು ಮೀಟರಿನಿಂದ ಅವಳ ಕಿವಿಯ ಪಕ್ಕಕ್ಕೆ, ಒಂದು ಗೇಣು ಬಿಟ್ಟು, ಜೋರಾಗಿ ಹೊಡೆಯುವುದು. ಒಮ್ಮೆ ಬಲಕ್ಕೆ, ಒಮ್ಮೆ ಎಡಕ್ಕೆ. ರೆಪ್ಪೆ ಅಲುಗಿದರೆ ಲೆಕ್ಕಕ್ಕಿಲ್ಲ, ಮತ್ತೆ ಮೊದಲಿಂದ. ಹೆಂಗಸರ ಚೆಂಡು ಚಿಕ್ಕದು, ಹಗುರ. ನಾನು ಗಂಡಸರ ಚೆಂಡು ಬಳಸುತ್ತಿದ್ದೆ. ದೊಡ್ಡದನ್ನು ಕಂಡು ಅಂಜದವಳು ಚಿಕ್ಕದಕ್ಕೆ ಅಂಜುವುದಿಲ್ಲ ಎಂಬುದು ನನ್ನ ವಾದ. ಚೆಂಡು ಕೈಯಿಂದ ಜಾರದಿರಲು ರೇಡಿಯೋ ರಿಪೇರಿಯವನಿಂದ ಬೆಸುಗೆಗೆ ಬಳಸುವ ಅಂಟುರಾಳ ತಂದು ಬೆರಳಿಗೆ ಹಚ್ಚಿಕೊಳ್ಳುತ್ತಿದ್ದೆ.

ಹೊಡೆಯುವ ಕೆಲಸವನ್ನು ತಂಡದ ಯಾವ ಹುಡುಗಿಗಾದರೂ ಕೊಡಬಹುದಿತ್ತು. ಅವರ ಭುಜ ಗಟ್ಟಿಯಿತ್ತು. ನಾನು ಕೊಡಲಿಲ್ಲ. ದಿನಕ್ಕೆ ನಲವತ್ತು ಸಲ ಕೈ ಬೀಸಿದಾಗ ನಾನಿನ್ನೂ ಆಟಗಾರ ಎನಿಸುತ್ತಿತ್ತು. ಇಪ್ಪತ್ತೈದರಲ್ಲಿ ಮೊದಲ ದಿನ, ಸೋಮವಾರ, ಮೂವತ್ತು ಹೊಡೆತ ದಾಟಿತ್ತು. ಭುಜದಲ್ಲಿ ಕಟಕ್ ಎಂದದ್ದು ನನಗೆ ಕೇಳಿಸಿತು. ಆದರೂ ಇನ್ನೊಂದು ಹೊಡೆದೆ. ರಾಳ ಅಂಟಿದ ಚೆಂಡು ಬೆರಳಿನಿಂದ ತಡವಾಗಿ ಬಿಟ್ಟುಕೊಂಡು, ನಾನು ನೋಡಿದ ಕಡೆ ಬಿಟ್ಟು ಒಂದು ಗೇಣು ಒಳಗೆ ಹೋಯಿತು. ತಂಗಿ ನಾನು ಕಲಿಸಿದ್ದಂತೆ ನಿಂತಿದ್ದಳು. ಕೈ ಕೆಳಗೆ, ಕಣ್ಣು ಪೂರ್ತಿ ತೆರೆದು.

ಅವಳು ಎಡಗಣ್ಣು ಹಿಡಿದು ಮಂಡಿಯೂರಿ ಕೂತಳು. ಕೂಗಲಿಲ್ಲ. ಹುಡುಗಿಯರು ಓಡಿಬಂದರು. ಐಸ್‌ಕ್ಯಾಂಡಿಯವನ ಹತ್ತಿರ ಮಂಜುಗಡ್ಡೆ ತಂದು ಬಟ್ಟೆಯಲ್ಲಿ ಸುತ್ತಿ ಇಟ್ಟೆವು. ಸ್ವಲ್ಪ ಹೊತ್ತಿಗೆ ಕಣ್ಣು ಬಿಟ್ಟು, ನಾನು ಎತ್ತಿ ತೋರಿಸಿದ ಬೆರಳುಗಳನ್ನು ಸರಿಯಾಗಿ ಎಣಿಸಿದಳು. ಮನೆಯಲ್ಲಿ ಅಮ್ಮ ಕೇಳಿದಾಗ, ಗೋಲುಕಂಬಕ್ಕೆ ತಾಗಿತು ಎಂದು ಅವಳೇ ಹೇಳಿದಳು. ನಾನು ಹೇಳಿಕೊಟ್ಟಿರಲಿಲ್ಲ. ನಾನು ಕೈ ತೊಳೆಯುವ ನೆಪದಲ್ಲಿ ಹಿತ್ತಲಿಗೆ ಹೋದೆ.

ಮೂರು ದಿನ ಬಿಟ್ಟು ಮತ್ತೆ ಇಳಿಸಿದೆ. ಊತ ಇಳಿದಿತ್ತು. ಕಣ್ಣಿನ ಬಿಳಿಯಲ್ಲಿ ಒಂದು ಕೆಂಪು ಕಲೆ ಮಾತ್ರ ಉಳಿದಿತ್ತು. ಆಗಾಗ ಮಿಂಚು ಹೊಡೆದ ಹಾಗಾಗುತ್ತದೆ, ಸೊಳ್ಳೆ ಹಾರಿದ ಹಾಗೆ ಕಪ್ಪು ಚುಕ್ಕಿ ಕಾಣುತ್ತದೆ ಎಂದಳು. ನಿದ್ದೆ ಸಾಲದು, ಕ್ಯಾರೆಟ್ ತಿನ್ನು ಎಂದೆ.

ನನಗೆ ಒಂದು ಕ್ರಮವಿತ್ತು. ಬರೆದಿಡುವ ಅಭ್ಯಾಸ ಆಗ ನನಗಿರಲಿಲ್ಲ. ಅದಕ್ಕೆ ಮೈದಾನದ ಅಂಚಿನಲ್ಲಿ ನೆಲದ ಮೇಲೆ ಗೋಲಿನ ಚಿತ್ರ ಬರೆದು ಒಂಬತ್ತು ಮನೆ ಮಾಡುತ್ತಿದ್ದೆ: ಮೇಲೆ ಮೂರು, ನಡುವೆ ಮೂರು, ಕೆಳಗೆ ಮೂರು. ಯಾವ ಮನೆಯಲ್ಲಿ ಗೋಲು ಬಿತ್ತೋ ಆ ಮನೆಗೆ ಒಂದು ಕಲ್ಲು. ಹುಡುಗಿಯರು ಅದನ್ನು ಸಾರ್ ಚೌಕಾಬಾರ ಎಂದು ನಗುತ್ತಿದ್ದರು.

"ಸಾರ್, ನಿಮ್ಮ ಕಾಯಿ ಹಣ್ಣಾಯ್ತಾ?" ಎಂದು ವಿಂಗಿನಲ್ಲಿ, ಮೈದಾನದ ಪಕ್ಕದ ಅಂಚಿನಲ್ಲಿ, ಆಡುವವಳು ಕೇಳುತ್ತಿದ್ದಳು.

ಆ ವಾರ ಕಲ್ಲುಗಳು ಒಂದೇ ಮನೆಯಲ್ಲಿ ರಾಶಿ ಬಿದ್ದವು. ಕೀಪರ್‌ನ ಎಡಗಡೆಯ ಕೆಳಮೂಲೆ. ಮೊದಲು ಅದು ಅವಳ ಗಟ್ಟಿ ಜಾಗ. ಅಲ್ಲಿಗೆ ಕಾಲು ಚಾಚಿ ಅವಳು ಎಷ್ಟೋ ಚೆಂಡು ತಡೆದಿದ್ದಳು. ಈಗ ಚೆಂಡು ಅವಳ ಎಡಗಡೆಯ ವಿಂಗಿಗೆ ಬೇಗ ಪಾಸಾದರೆ ಸಾಕು, ಒಂದು ಕ್ಷಣ ಅದನ್ನು ಕಳೆದುಕೊಂಡವಳ ಹಾಗೆ ನಿಲ್ಲುತ್ತಿದ್ದಳು. ನಾನು ತೀರ್ಮಾನ ಮಾಡಿದೆ: ಎಡಗಾಲು ತಡವಾಗುತ್ತಿದೆ, ಪೆಟ್ಟು ತಿಂದ ಹೆದರಿಕೆ. ಕಾಲಿಗೆ ಮರಳು ತುಂಬಿದ ಸೈಕಲ್ ಟ್ಯೂಬ್ ಕಟ್ಟಿ ಎಡಕ್ಕೆ ಎಡಕ್ಕೆ ಎಂದು ಐವತ್ತು ಸಲ ಹಾರಿಸಿದೆ. ಎಲ್ಲರ ಮುಂದೆ ಹೇಡಿ ಎಂದು ಬೈದೆ. ಅವಳು ಒಮ್ಮೆ ಸಾರ್ ಎಂದು ನನ್ನ ಕಡೆ ಬಂದಳು. ಕಾಲು ನೋಡ್ಕೋ ಎಂದು ಕೂಗಿ ವಾಪಸ್ ಕಳಿಸಿದೆ.

ಹದಿನಾಲ್ಕನೇ ದಿನ, ಭಾನುವಾರ ಬೆಳಿಗ್ಗೆ, ಹಿತ್ತಲಿನ ಒಗೆಯುವ ಕಲ್ಲಿನ ಹತ್ತಿರ ನನ್ನ ಪಕ್ಕ ಬಂದು ನಿಂತಳು.

"ಅಣ್ಣ, ಒಂದ್ ವಿಷ್ಯ ಹೇಳ್ತೀನಿ. ಬೈಬೇಡ."

"ಏನೇ?"

"ಎಡಗಣ್ಣಲ್ಲಿ, ಕೆಳಗಡೆ ಮೂಲೇಲಿ, ಪರದೆ ಬಿಟ್ಟ ಹಾಗಿದೆ. ಅಲ್ಲಿ ಬಾಲ್ ಬಂದ್ರೆ ನಂಗೆ ಕಾಣ್ಸಲ್ಲ."

"ಎಷ್ಟ್ ದಿನ ಆಯ್ತು?"

"ನಾಕೈದು ದಿನ. ಗ್ರೌಂಡಲ್ಲಿ ಹೇಳೋಕೆ ಬಂದೆ, ನೀನು ಕಾಲು ಕಾಲು ಅಂತ ಕೂಗ್ತಾ ಇದ್ದೆ."

ನಾನು ಅವಳ ಕೈಯಿಂದಲೇ ಬಲಗಣ್ಣು ಮುಚ್ಚಿಸಿದೆ. ಗೋಡೆಯ ಮೇಲೆ ಒಂದು ಚುಕ್ಕೆ ತೋರಿಸಿ, ಅದನ್ನೇ ನೋಡು, ಕಣ್ಣು ಕದಲಿಸಬೇಡ ಎಂದೆ. ಚೆಂಡನ್ನು ಹಿಡಿದು ಬೇರೆ ಬೇರೆ ಕಡೆಯಿಂದ ನಿಧಾನವಾಗಿ ಒಳಗೆ ತಂದೆ. ಕಂಡಾಗ ಹೇಳಬೇಕು. ಮೇಲಿಂದ ತಂದಾಗ ತಕ್ಷಣ ಹೂಂ ಎಂದಳು. ಬಲದಿಂದಲೂ ಹೂಂ. ಎಡಗಡೆ ಕೆಳಗಿನಿಂದ ತಂದಾಗ ಮಾತಿಲ್ಲ. ಚೆಂಡು ಗೋಡೆಯ ಚುಕ್ಕೆಗೆ ಒಂದು ಮೊಳ ಹತ್ತಿರ ಬಂದ ಮೇಲೆ ಹೂಂ ಎಂದಳು. ಮೂರು ಸಲ ಮಾಡಿದೆ, ಮೂರು ಸಲವೂ ಅಲ್ಲೇ.

ಆದ್ದರಿಂದ ನನಗೆ ಗೊತ್ತಿರಲಿಲ್ಲ ಎಂದು ನಾನು ಹೇಳುವಂತಿಲ್ಲ. ನನಗಿಂತ ಚೆನ್ನಾಗಿ ಆ ದಿನ ಯಾರಿಗೂ ಗೊತ್ತಿರಲಿಲ್ಲ. ಆ ಪರದೆಯ ಅಂಚು ಎಲ್ಲಿದೆ ಎಂದು ಗೋಡೆಯ ಮೇಲೆ ಇದ್ದಿಲಲ್ಲಿ ಗುರುತು ಕೂಡ ಹಾಕಿದ್ದೆ.

"ಡಾಕ್ಟರ್‌ಗೆ ತೋರಿಸೋಣ್ವಾ?" ಎಂದಳು.

"ತೋರಿಸಿದ್ರೆ ಏನಂತಾರೆ? ಆಡ್ಬೇಡ ಅಂತಾರೆ. ಟ್ರಯಲ್ಸ್ ಮುಗೀಲಿ ಕಣೇ, ಇನ್ನು ಹತ್ತೇ ದಿನ. ಆಮೇಲೆ ಎಲ್ಲಿಗೆ ಬೇಕಾದ್ರೂ ಕರ್ಕೊಂಡ್ ಹೋಗ್ತೀನಿ."

ಅವಳು ಗೋಡೆಯ ಮೇಲಿನ ಇದ್ದಿಲಿನ ಗುರುತು ನೋಡಿದಳು. "ನೀನು ಹೇಳಿದ್ರೆ ಸರಿ," ಎಂದಳು.

ಈ ಮಾತಿಗೆ ನನಗೆ ಇವತ್ತಿಗೂ ಅವಳ ಮೇಲೆ ಸಿಟ್ಟಿದೆ. ಒಂದು ಸಲ ಜಗಳವಾಡಬಹುದಿತ್ತು. ಅಮ್ಮನಿಗೆ ಹೇಳಬಹುದಿತ್ತು. ಹೀಗೆ ಸಿಟ್ಟಾಗಲು ನನಗೆ ಯಾವ ಹಕ್ಕೂ ಇಲ್ಲ. ಎದುರು ಮಾತಾಡದ ಹಾಗೆ ಅವಳನ್ನು ದಿನಾ ಬೆಳಿಗ್ಗೆ ಐದಕ್ಕೆ ಎಬ್ಬಿಸಿ ತಯಾರು ಮಾಡಿದವನೇ ನಾನು.

ಮಾರನೆಯ ದಿನದಿಂದ ನಾನು ಮಾಡಿದ ಕೆಲಸವನ್ನು ಬಿಡಿಸಿ ಹೇಳುತ್ತೇನೆ, ಏಕೆಂದರೆ ನನ್ನ ಜೀವನದಲ್ಲಿ ಅಷ್ಟು ಒಳ್ಳೆಯ ಕೋಚಿಂಗ್ ನಾನು ಮತ್ತೆ ಮಾಡಲಿಲ್ಲ. ಕೀಪರ್ ಸಾಮಾನ್ಯವಾಗಿ ಎರಡು ಕಂಬಗಳ ನಡುಮಧ್ಯ, ಗೆರೆಯಿಂದ ಅರ್ಧ ಮೀಟರ್ ಮುಂದೆ ನಿಲ್ಲುತ್ತಾಳೆ. ನಾನು ಅವಳನ್ನು ಅರ್ಧ ಹೆಜ್ಜೆ ಎಡಕ್ಕೆ ಸರಿಸಿದೆ. ಎಡ ಕಂಬ ಅವಳ ಹಿಮ್ಮಡಿಗೆ ಹತ್ತಿರವಾಯಿತು. ಕಾಣದ ಮೂಲೆಯನ್ನು ಕಣ್ಣಿಗೆ ಬಿಡದೆ ಕಾಲಿನಿಂದಲೇ ಮುಚ್ಚಿದಂತಾಯಿತು. ಬಲಗಡೆ ಜಾಗ ಹೆಚ್ಚು ತೆರೆಯಿತು. ತೆರೆಯಲಿ, ಅದು ಅವಳಿಗೆ ಕಾಣುವ ಕಡೆ, ಹೊಡೆಯುವವರಿಗೆ ಆಸೆ ಹುಟ್ಟಿಸಿ ಅಲ್ಲಿಗೇ ಹೊಡೆಸಬಹುದು. ಜೊತೆಗೆ, ಚೆಂಡು ಅವಳ ಎಡಗಡೆಯ ವಿಂಗಿಗೆ ಹೋಗುತ್ತಿದ್ದಂತೆ ತಲೆಯನ್ನು ಎಡಕ್ಕೆ ತಿರುಗಿಸಿ ಮುಂದೆ ಚಾಚುವುದನ್ನು ಕಲಿಸಿದೆ, ಬಲಗಣ್ಣು ಮೂಗು ದಾಟಿ ಆ ಕಡೆ ನೋಡುವ ಹಾಗೆ. ಸುಣ್ಣದಲ್ಲಿ ಗುರುತು ಹಾಕಿ ದಿನಕ್ಕೆ ಇನ್ನೂರು ಸಲ ಮಾಡಿಸಿದೆ. ಪಾಸು, ತಲೆ. ಪಾಸು, ತಲೆ. ಒಂದು ವಾರದಲ್ಲಿ ಅದು ಅವಳ ಮೈಗೆ ಹತ್ತಿತು. ಕೆಳಮೂಲೆಯ ಮನೆಯಲ್ಲಿ ಕಲ್ಲುಗಳು ಕಡಿಮೆಯಾಗುತ್ತಾ ಬಂದು, ಒಂದು ಬೆಳಿಗ್ಗೆ ಒಂದೂ ಬೀಳಲಿಲ್ಲ. ನಾನು ಖುಷಿಯಿಂದ ಎಲ್ಲರಿಗೂ ಬನ್ ತರಿಸಿದೆ.

ಪರದೆ ದಿನದಿನಕ್ಕೆ ಮೇಲೇರುತ್ತಿತ್ತು. ನಾನು ಗೋಡೆಯ ಹತ್ತಿರ ಮತ್ತೆ ಅವಳನ್ನು ನಿಲ್ಲಿಸಲಿಲ್ಲ. ಕೇಳಲಿಲ್ಲ. ಅವಳೂ ಹೇಳಲಿಲ್ಲ.

ಟ್ರಯಲ್ಸ್ ವಿಜಯನಗರದ ಒಂದು ಮೈದಾನದಲ್ಲಿ, ಎರಡು ದಿನ. ಮೊದಲ ದಿನ ಅವಳು ಗೋಡೆಯ ಹಾಗೆ ನಿಂತಳು. ಆಯ್ಕೆಗಾರರಲ್ಲಿ ಹಿರಿಯರೊಬ್ಬರು, ಹಿಂದೆ ನನ್ನನ್ನು ಬೆಂಚಿನಿಂದ ಎಬ್ಬಿಸಿದ್ದವರೇ, ಟೀ ಲೋಟ ಹಿಡಿದು ಹತ್ತಿರ ಬಂದರು.

"ಎಡಗಡೆ ಕಂಬಾನ ಹಿಂಗ್ ಕಾಯೋ ಕೀಪರ್‌ನ ನಾನ್ ನೋಡೇ ಇಲ್ಲ ಕಣ್ರೀ. ಯಾರ್ ಕಲಿಸಿದ್ದು ಇವಳಿಗೆ?"

"ನಾನೇ ಸಾರ್," ಎಂದೆ. ಆ ಎರಡು ಪದಗಳಿಗೋಸ್ಕರ ನಾನು ಏನು ಕೊಟ್ಟಿದ್ದೆ ಎಂಬುದು ಆಗಲೂ ನನಗೆ ಗೊತ್ತಿತ್ತು. ಆದರೂ ಎದೆ ಉಬ್ಬಿತು.

ಎರಡನೆಯ ದಿನ ಕೆಂಗೇರಿಯ ಒಂದು ಶಾಲೆಯಿಂದ ಬಂದ ಹುಡುಗಿಯೊಬ್ಬಳು ಎದುರು ತಂಡದಲ್ಲಿದ್ದಳು. ಎತ್ತರದ, ಬಡಕಲು ಹುಡುಗಿ, ಹದಿನೇಳು ಇರಬಹುದು. ಅವಳು ನಮ್ಮ ಕೀಪರ್‌ನ ಎಡಗಡೆಯ ಮೂಲೆಯಲ್ಲಿ ಆಡುತ್ತಿದ್ದಳು. ಆಟ ಶುರುವಾಗಿ ಕಾಲು ಗಂಟೆಗೆ ನಡುವಿನಿಂದ ಅವಳಿಗೆ ಒಂದು ವೇಗದ ಪಾಸು ಬಂತು. ಅವಳು ಎರಡೇ ಹೆಜ್ಜೆ ಇಟ್ಟು ವೃತ್ತದೊಳಕ್ಕೆ ಹಾರಿದಳು. ತಂಗಿ ಕಲಿಸಿದ್ದನ್ನು ಕಲಿಸಿದ ಹಾಗೇ ಮಾಡಿದಳು: ತಲೆಯನ್ನು ಎಡಕ್ಕೆ ತಿರುಗಿಸಿ ಮುಂದೆ ಚಾಚಿದಳು. ಆ ಹೊತ್ತಿಗೆ ಪರದೆ ಎಡಗಣ್ಣನ್ನು ಪೂರ್ತಿ ಮುಚ್ಚಿತ್ತು; ಒಂದೇ ಕಣ್ಣಿಗೆ ಚೆಂಡು ಎಷ್ಟು ದೂರದಲ್ಲಿದೆ ಎಂಬುದು ತಿಳಿಯುವುದಿಲ್ಲ. ಕೈ ಏಳಲಿಲ್ಲ. ಚೆಂಡು ಎಡ ಕೆನ್ನೆಯ ಮೇಲೆ ಬಡಿಯಿತು.

ನೆಲಕ್ಕೆ ಬಿದ್ದು ಬಲಗಣ್ಣು ಮುಚ್ಚಿ ನೋಡಿ, ಏನೂ ಕಾಣುತ್ತಿಲ್ಲ ಎಂದಳು. ಸುತ್ತ ಜನ ಸೇರಿತು. ಆಗ ನನ್ನ ತಲೆಗೆ ಹೊಳೆದದ್ದನ್ನು ಬರೆಯಲು ಈಗಲೂ ಪೆನ್ನು ಏಳುವುದಿಲ್ಲ. ಬಚಾವಾದೆ ಎನಿಸಿತು. ಈ ಚೆಂಡನ್ನು ಎಲ್ಲರೂ ನೋಡಿದ್ದಾರೆ, ಇನ್ನು ನನ್ನ ಚೆಂಡನ್ನು ಯಾರೂ ಕೇಳುವುದಿಲ್ಲ ಎನಿಸಿತು.

ನಾನು ಆ ಹುಡುಗಿಯ ಮೇಲೆ ಏರಿ ಹೋದೆ. "ಕಣ್ಣು ಕಾಣ್ಸಲ್ವೇನೇ ನಿಂಗೆ? ಬೇಕಂತ ಮುಖಕ್ಕೇ ಹೊಡೀತೀಯಾ?"

ಅವಳು ಎರಡು ಕೈಯನ್ನೂ ಹಿಂದೆ ಕಟ್ಟಿಕೊಂಡು ನಿಂತಿದ್ದಳು. "ಇಲ್ಲ ಸಾರ್, ನಾನು ಮೇಲ್ಗಡೆ ಮೂಲೆಗೆ ಹೊಡೆದಿದ್ದು. ಅವರೇ ಅಡ್ಡ ಬಂದ್ರು ಸಾರ್."

"ಮಾಡೋದೂ ಮಾಡಿ ಎದುರು ಮಾತಾಡ್ತೀಯಾ?"

ಅವಳ ಜೊತೆ ಬಂದಿದ್ದ ಪಿ.ಟಿ. ಮೇಷ್ಟ್ರು ಬಿಸಿಲಿಗೆ ಕೊಡೆ ಹಿಡಿದಿದ್ದ ಮೆದು ಮನುಷ್ಯ. ಕ್ಷಮಿಸಿ ಸಾರ್, ಚಿಕ್ಕ ಹುಡುಗಿ ಎಂದು ನನಗೇ ಕೈ ಮುಗಿದರು. ನನ್ನ ಗಂಟಲು ಅಲ್ಲಿದ್ದ ಎಲ್ಲರಿಗಿಂತ ದೊಡ್ಡದು. ಬೇಕೆಂದೇ ಹೊಡೆದದ್ದು ಎಂದು ಬರೆಯಿರಿ ಎಂದು ಆಯ್ಕೆಗಾರರ ಮೇಜಿನ ಮುಂದೆ ನಿಂತೆ. ಹಿಂದಿನ ದಿನ ನನ್ನನ್ನು ಹೊಗಳಿದ್ದ ಹಿರಿಯರು ಬರೆದರು. ಹುಡುಗಿಯ ಹೆಸರಿನ ಮೇಲೆ ಅಡ್ಡಗೆರೆ ಎಳೆದರು. ಮೇಷ್ಟ್ರು ಅವಳನ್ನು ಕರೆದುಕೊಂಡು ಗೇಟಿನ ಕಡೆ ನಡೆದರು.

ಮಾರನೆಯ ದಿನ ದೊಡ್ಡ ಕಣ್ಣಾಸ್ಪತ್ರೆಗೆ ಹೋದೆವು. ಡಾಕ್ಟರಮ್ಮ ಹಣೆಗೆ ದೀಪ ಕಟ್ಟಿಕೊಂಡು, ಕೈಯಲ್ಲಿ ಒಂದು ಗಾಜು ಹಿಡಿದು ತುಂಬ ಹೊತ್ತು ನೋಡಿದರು. ಕಾಗದದ ಮೇಲೆ ಒಂದು ವೃತ್ತ ಬರೆದು, ಒಳಗೆ ಕೆಂಪು ಮತ್ತು ನೀಲಿ ಪೆನ್ಸಿಲಿನಿಂದ ತುಂಬಿದರು. ನೀಲಿ ಬಣ್ಣ ಕಿತ್ತುಕೊಂಡ ಭಾಗವಂತೆ. ಕಣ್ಣಿನ ಒಳಗಿನ ಪೊರೆ ಅಂಚಿನಲ್ಲಿ ಹರಿದು, ಗೋಡೆಯಿಂದ ಸುಣ್ಣದ ಪದರ ಎದ್ದ ಹಾಗೆ ಎದ್ದಿದೆ ಎಂದರು. ವೃತ್ತದಲ್ಲಿ ಕೆಂಪು ಬಹಳ ಕಡಿಮೆಯಿತ್ತು.

"ಯಾವಾಗಿಂದ ಕಾಣ್ತಿಲ್ಲ?" ಎಂದು ಕೇಳಿದರು.

"ನಿನ್ನೆಯಿಂದ," ಎಂದಳು ತಂಗಿ.

ಡಾಕ್ಟರಮ್ಮ ನನ್ನ ಕಡೆ ತಿರುಗಿದರು. ನಿನ್ನೆ ಟ್ರಯಲ್ಸ್‌ನಲ್ಲಿ ಚೆಂಡು ಬಿತ್ತು ಮೇಡಂ ಎಂದೆ.

ಅವರು ಪೆನ್ಸಿಲು ಕೆಳಗಿಟ್ಟರು. "ನಿನ್ನೆ ಬಿದ್ದ ಪೆಟ್ಟಿಗೆ ಕಣ್ಣು ಹೀಗೆ ಕಾಣೋದಿಲ್ಲ. ಇದು ಎರಡು ಮೂರು ವಾರದ್ದು. ನಡುಭಾಗ ಬಿಟ್ಟುಕೊಂಡು ಈಚೆಗೆ ಕೆಲವು ದಿನ ಆಗಿದೆ, ಅಷ್ಟೆ. ಅದಕ್ಕೆ ಮುಂಚೆ ಬಂದಿದ್ರೆ ದೃಷ್ಟಿ ಉಳಿಸಬಹುದಿತ್ತು. ಯಾರೂ ಗಮನಿಸಲಿಲ್ವಾ?"

ನಾನು ಕಾಗದದ ಮೇಲಿನ ವೃತ್ತವನ್ನೇ ನೋಡುತ್ತಿದ್ದೆ. ಅವರಿಗೆ ಅರ್ಥವಾಯಿತೆಂದು ತೋರುತ್ತದೆ. ಮತ್ತೆ ನನ್ನ ಮುಖ ನೋಡಿ ಮಾತಾಡಲಿಲ್ಲ. ಏನು ಹೇಳಬೇಕಿದ್ದರೂ ತಂಗಿಗೇ ಹೇಳಿದರು.

ಆಪರೇಷನ್ ಆಯಿತು. ಆಗಿನ ಪದ್ಧತಿಯಂತೆ ಎರಡೂ ಕಣ್ಣಿಗೆ ಪಟ್ಟಿ ಕಟ್ಟಿ, ತಲೆ ಅಲುಗದ ಹಾಗೆ ಎರಡು ಕಡೆ ಮರಳಿನ ಚೀಲ ಇಟ್ಟು ಮಲಗಿಸಿದರು. ಅಮ್ಮ ಹಗಲೆಲ್ಲ ಪಕ್ಕದಲ್ಲಿ ಕೂತು ಆ ಕೆಂಗೇರಿ ಹುಡುಗಿಗೆ ಶಾಪ ಹಾಕುತ್ತಿದ್ದಳು. ನನ್ನ ಮಗಳಿಗೆ ಹೊಡೆದ ಆ ಕೈಗೆ ಹುಳ ಬೀಳ ಎನ್ನುತ್ತಿದ್ದಳು. ಹೊಡೆದ ಆ ಕೈ, ಅಮ್ಮನಿಗೆ ಗಂಜಿ ಬಗ್ಗಿಸಿಕೊಡುತ್ತಾ, ಅಲ್ಲೇ ಇತ್ತು.

ನಾಲ್ಕನೇ ದಿನ, ಅಮ್ಮ ಮನೆಗೆ ಹೋಗಿದ್ದ ಹೊತ್ತಿನಲ್ಲಿ, ಆ ಹುಡುಗಿ ಬಂದಳು. ಕೆಂಗೇರಿಯಿಂದ ಎರಡು ಬಸ್ಸು ಹಿಡಿದು, ಆಸ್ಪತ್ರೆ ಕೇಳಿಕೊಂಡು, ಒಬ್ಬಳೇ ಬಂದಿದ್ದಳು. ನನ್ನನ್ನು ಕಂಡು ಬಾಗಿಲಲ್ಲೇ ನಿಂತಳು. ನಾನು ಕಿಟಕಿಯ ಹತ್ತಿರ ನಿಂತಿದ್ದೆ, ಅಲುಗಲಿಲ್ಲ. ಅವಳು ಮಂಚದ ಹತ್ತಿರ ಹೋಗಿ ತಾನು ಯಾರೆಂದು ಹೇಳಿ ಅಳಲು ಶುರು ಮಾಡಿದಳು. ಮನೆಯಲ್ಲಿ ಆಟ ಬಿಡಿಸಿದ್ದಾರೆ, ಅದಕ್ಕೆ ಬೇಜಾರಿಲ್ಲ. ಆದರೆ ಕಣ್ಣು ಮುಚ್ಚಿದರೆ ಅದೇ ಕಾಣುತ್ತದೆ ಎಂದಳು. ನಾನು ಮೂಲೆಗೇ ಹೊಡೆದದ್ದು ಅಕ್ಕ ಎಂದು ಎರಡು ಮೂರು ಸಲ ಹೇಳಿದಳು.

ತಂಗಿ ತಲೆ ಅಲುಗಿಸುವ ಹಾಗಿರಲಿಲ್ಲ. ಮೇಲೆ ಸೂರಿನ ಕಡೆ ಮುಖ ಮಾಡಿಯೇ ಮಾತಾಡಿದಳು.

"ನಿನ್ನ ಬಾಲ್ ಅಲ್ಲ ಕಣೇ. ನಿನ್ನ ಬಾಲ್ ಬರೋ ಹೊತ್ತಿಗೆ ಆ ಕಣ್ಣಲ್ಲಿ ಏನೂ ಉಳಿದಿರಲಿಲ್ಲ."

ಹುಡುಗಿಯ ಅಳು ನಿಂತಿತು. "ಮತ್ತೆ ಯಾರ್ದು ಅಕ್ಕ?"

"ಅಲ್ಲೇ ಇದಾನಲ್ಲ ನಮ್ಮಣ್ಣ. ಅವನ್ನೇ ಕೇಳು."

ಹುಡುಗಿ ನನ್ನ ಕಡೆ ತಿರುಗಿದಳು. ಅವಳ ಮುಖದಲ್ಲಿ ಸಿಟ್ಟಿರಲಿಲ್ಲ, ಒಂದು ಮಾತಿಗಾಗಿ ಕಾಯುವವಳ ಹಾಗೆ ನೋಡಿದಳು. ಇಡೀ ಆಟ ನನ್ನ ಕೈಯಲ್ಲಿತ್ತು. ನಾನೇ ಎಂಬ ಒಂದು ಪದ ಸಾಕಿತ್ತು, ಆಯ್ಕೆಗಾರರ ಮುಂದೆ ಎದೆಯುಬ್ಬಿಸಿ ಅದೇ ಪದ ಹೇಳಿದ್ದೆ.

"ಪೇಷೆಂಟ್ ಜಾಸ್ತಿ ಮಾತಾಡ್ಬಾರ್ದು ಅಂದಿದಾರಮ್ಮ," ಎಂದೆ. "ಹೊರಡು ನೀನು."

ಅವಳು ಹೋದಳು. ಮೆಟ್ಟಿಲಿಳಿಯುವ ಸದ್ದು ಪೂರ್ತಿ ನಿಂತಿತು.

"ಹೋದ್ಲಾ?"

"ಹೂಂ."

"ನೀನೂ ಹೋಗು," ಎಂದಳು.

ಕಣ್ಣು ಬರಲಿಲ್ಲ. ಕಿಟಕಿ ಯಾವುದು ಗೋಡೆ ಯಾವುದು ಎನ್ನುವಷ್ಟು ಬೆಳಕು ಮಾತ್ರ ತಿಳಿಯುತ್ತದೆ. ಆ ಕಚೇರಿಯ ಕೆಲಸ ಬೇರೆ ಯಾರಿಗೋ ಆಯಿತು. ತಂಗಿ ನನ್ನ ಜೊತೆ ಮಾತು ಬಿಡಲಿಲ್ಲ, ಊಟಕ್ಕೆ ಬಡಿಸುತ್ತಾಳೆ, ಹಬ್ಬಕ್ಕೆ ಕರೆಯುತ್ತಾಳೆ. ಆ ವಿಷಯ ಮಾತ್ರ ಎತ್ತುವುದಿಲ್ಲ, ನಾನು ಎತ್ತಿದರೆ ಎದ್ದು ಒಳಗೆ ಹೋಗುತ್ತಾಳೆ. ಅಮ್ಮ ಸಾಯುವವರೆಗೂ ಕೆಂಗೇರಿ ಹುಡುಗಿಯನ್ನು ಬೈದಳು, ನಾನು ತಡೆಯಲಿಲ್ಲ. ನಾನು ಇನ್ನೂ ಆರು ವರ್ಷ ಕೋಚಿಂಗ್ ಮಾಡಿದೆ. ಕೀಪರ್‌ನ ಆ ಅರ್ಧ ಹೆಜ್ಜೆಯನ್ನು ನೋಡಿ ಕಲಿಯಲು ಡಿಪ್ಲೊಮಾದವರೂ ಬರುತ್ತಿದ್ದರು. ಅದು ಎಲ್ಲಿಂದ ಬಂತು ಎಂದು ಕೇಳಿದರೆ ಅನುಭವದಿಂದ ಎನ್ನುತ್ತಿದ್ದೆ.

ಕೆಂಗೇರಿಯ ಹುಡುಗಿ, ಈಗ ನೀನು ಎಲ್ಲಿದ್ದೀಯೋ ನನಗೆ ಗೊತ್ತಿಲ್ಲ. ಹುಡುಕುವುದು ಕಷ್ಟವೇನಿರಲಿಲ್ಲ, ನಾನು ಹುಡುಕಲಿಲ್ಲ. ಕೋಚ್ ಆಗಿ ನಿನಗೆ ಹೇಳಬೇಕಾಗಿದ್ದನ್ನು ಹೇಳುತ್ತೇನೆ. ಪಾಸು ಹಿಡಿದಾಗ ನಿನ್ನ ಬಲಗೈ ಆಗಲೇ ಮೇಲಿತ್ತು. ಎರಡೇ ಹೆಜ್ಜೆಯಲ್ಲಿ ಹಾರಿದೆ, ನಿಯಮ ಕೊಡುವ ಮೂರನ್ನೂ ಬಳಸಲಿಲ್ಲ, ಅದರಿಂದ ಕೀಪರ್‌ಗೆ ಹೊತ್ತು ಸಿಗಲಿಲ್ಲ. ಕೀಪರ್ ಕಾಲಿನಿಂದ ಕೆಳಗೆ ಮುಚ್ಚಿದ್ದಳು. ಹತ್ತಿರದ ಕಂಬಕ್ಕೂ ಅವಳ ಭುಜಕ್ಕೂ ನಡುವೆ, ಮೇಲೆ, ಒಂದು ಚೆಂಡು ಹೋಗುವಷ್ಟು ಜಾಗವಿತ್ತು. ನೀನು ಅದನ್ನು ಕಂಡು ಅಲ್ಲಿಗೇ ಹೊಡೆದೆ. ಆ ಜಾಗಕ್ಕೆ ಅವಳ ತಲೆಯನ್ನು ತಂದಿಟ್ಟವನು ನಾನು. ನೀನು ನನ್ನ ತಂಡದವಳಾಗಿದ್ದರೆ, ಮಾರನೆಯ ದಿನ ಬೆಳಿಗ್ಗೆ ಉಳಿದ ಹುಡುಗಿಯರನ್ನೆಲ್ಲ ಸಾಲಾಗಿ ನಿಲ್ಲಿಸಿ, ನೋಡಿ, ಹೀಗೆ ಹೊಡೆಯಬೇಕು ಎಂದು ನಿನ್ನಿಂದಲೇ ಹತ್ತು ಸಲ ಹೊಡೆಸುತ್ತಿದ್ದೆ.